ಕಂಬಳಿ, ಸ್ಪ್ರಿಂಕ್ಲರ್, ಡಬಲ್ ಸ್ಪೀಡ್: ನಮ್ಮ ಮೊದಲ ಸಿಂಗಲ್ ಆದ ಬಗೆ

ನಮ್ಮ ಮೊದಲ ಹಾಡಿನ ವಿಡಿಯೊ ಫೋನಿನಲ್ಲೇ ತೆಗೆಯುತ್ತೇವೆ ಅಂದಾಗ, ಸ್ಲೋ ಮೋಷನ್‌ನಲ್ಲಿ ಲಿಪ್ ಸಿಂಕ್ (ಹಾಡಿಗೆ ತುಟಿ ಕೂಡಿಸುವುದು) ಫೋನಿನಿಂದ ಆಗುವ ಕೆಲಸವಲ್ಲ, ಕ್ಯಾಮೆರಾ ಯೂನಿಟ್ ಕರೆಸಿ ಅಂದವರೇ ಹೆಚ್ಚು. ಒಂದು ಯೂನಿಟ್‌ನವರು ದಿನಕ್ಕೆ ಅರವತ್ತು ಸಾವಿರದ ಮೇಲೆ ಹೇಳಿದ್ದರು, ಊಟ-ಓಡಾಟ ಬೇರೆ. ಈಗ ವಿಡಿಯೊ ಹೊರಗೆ ಬಂದಿದೆ, ತುಟಿ ಎಲ್ಲೂ ಜಾರಿಲ್ಲ. ಹಾಡು, ವಿಡಿಯೊ ಎರಡೂ ಸೇರಿ ಖರ್ಚು ನಲವತ್ತು ಸಾವಿರದ ಒಳಗೇ. ಅದರಲ್ಲಿ ಅರ್ಧದಷ್ಟು ಮಿಕ್ಸಿಂಗ್, ಮಾಸ್ಟರಿಂಗ್‌ಗೆ, ಅಂದರೆ ದನಿ-ವಾದ್ಯ ಹದವಾಗಿ ಬೆರೆಸಿ ಹಾಡಿಗೆ ಕೊನೆಯ ರೂಪ ಕೊಡುವುದಕ್ಕೆ ಹೋಯಿತು. ದುಡ್ಡು ಹಾಕುವುದಿದ್ದರೆ ಅಲ್ಲೇ ಹಾಕಬೇಕು.

ಉಪಾಯ ಹಳೆಯದು. ಬ್ರಿಟಿಷ್ ಬ್ಯಾಂಡ್ ಕೋಲ್ಡ್‌ಪ್ಲೇಯ ‘ಯೆಲ್ಲೋ’ ವಿಡಿಯೊ (2000) ಹೀಗೇ ತೆಗೆದದ್ದು. ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ, ಸೆಕೆಂಡಿಗೆ 50 ಫ್ರೇಮ್‌ನಲ್ಲಿ ಶೂಟ್ ಮಾಡಿ, ಎಡಿಟಿಂಗ್‌ನಲ್ಲಿ 25ರ ಟೈಮ್‌ಲೈನ್‌ಗೆ ಇಳಿಸಿದರೆ ತುಟಿ ಹಾಡಿನ ವೇಗಕ್ಕೆ ಬಂದು ಕೂರುತ್ತದೆ, ಕೂದಲು, ನೀರು, ಬಟ್ಟೆ ಮಾತ್ರ ತೇಲುತ್ತವೆ. 60 ಬಿಟ್ಟು ಬೇರೆ ಕೊಡದ ಫೋನಾದರೆ ಟೈಮ್‌ಲೈನ್ 30 ಮಾಡಿಕೊಳ್ಳಿ. ಶಟರ್ ಎರಡಕ್ಕೂ 1/100 ಸೆಕೆಂಡ್. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. 1/120 ಇಟ್ಟರೆ ಟ್ಯೂಬ್‌ಲೈಟ್ ಕೆಳಗೆ ಅಡ್ಡಪಟ್ಟಿ ಹರಿಯುತ್ತದೆ.

ಎಲ್ಲರೂ ಎಡವುವುದು ಶೂಟಿಂಗ್ ಜಾಗದಲ್ಲಿ ಹಾಕುವ ಪ್ಲೇಬ್ಯಾಕ್ ಫೈಲಿನಲ್ಲಿ. ಸ್ವರ ಬದಲಾಗದಂತೆ ಟೆಂಪೊ ಮಾತ್ರ ಏರಿಸುತ್ತಾರೆ, ಕೇಳಲು ಚಂದ ಅಂತ. ಆದರೆ ಹಾಗೆ ಹಿಗ್ಗಿಸಿ ಕುಗ್ಗಿಸಿದಾಗ ಡ್ರಮ್ಮಿನ ಪೆಟ್ಟು ಕಲಸಿಹೋಗುತ್ತದೆ, ಹಾಡುವವರಿಗೆ ತಾಳ ಸಿಗುವುದಿಲ್ಲ. ಆಡಾಸಿಟಿ ಎಂಬ ಆಡಿಯೊ ಸಾಫ್ಟ್‌ವೇರ್‌ನಲ್ಲಿ ಸ್ಪೀಡನ್ನೇ 2 ಮಾಡಿ. ದನಿ ಒಂದು ಸ್ಥಾಯಿ ಮೇಲೇರಿ ಕೀಚಲಾಗುತ್ತದೆ, ಒಂದೆರಡು ಸಲ ಎಲ್ಲರೂ ನಗುತ್ತಾರೆ, ಆಮೇಲೆ ಅಭ್ಯಾಸವಾಗುತ್ತದೆ. ಲಾಭ ಇರುವುದು ಎಡಿಟಿಂಗ್‌ನಲ್ಲಿ: ಕ್ಲಿಪ್ಪಿನ ಆಡಿಯೊ ಬೇರೆ ತೆಗೆದು 0.5ಕ್ಕೆ ಇಳಿಸಿದರೆ ಅದು ಮೂಲ ಹಾಡಿನ ಸ್ವರಕ್ಕೇ ವಾಪಸ್ ಬರುತ್ತದೆ, ವೇವ್‌ಫಾರ್ಮ್ (ಸದ್ದಿನ ಅಲೆಯ ಚಿತ್ರ) ಹಾಡಿನ ಮೇಲೆ ಸರಿಯಾಗಿ ಕೂರುತ್ತದೆ. ಕೈಯಿಂದ ಸಿಂಕ್ ಮಾಡುವ ಗೋಳು ಇಲ್ಲ. ಫೈಲಿನ ಮೊದಲಿಗೆ ನಾಲ್ಕು ಟಿಕ್ ಹಾಕಿರಿ, ಇಡೀ ಹಾಡಿಗೆ ತಾಳದ ಕ್ಲಿಕ್ ಸ್ವಲ್ಪ ಜೋರಾಗಿಯೇ ಇರಲಿ.

ಸ್ಪೀಕರ್ ಹಾಡುವವರ ಹತ್ತಿರ ಇರಬೇಕು. ಹತ್ತು ಮೀಟರ್ ದೂರ ಹೋದರೆ ಸದ್ದು ಸುಮಾರು 30 ಮಿಲಿಸೆಕೆಂಡ್ ತಡ, ನಿಧಾನ ಮಾಡಿದ ಮೇಲೆ ಅದೇ 60. 25 ಫ್ರೇಮ್‌ನಲ್ಲಿ ಒಂದು ಫ್ರೇಮ್ ಅಂದರೆ 40, ಕಣ್ಣಿಗೆ ಗೊತ್ತಾಗುತ್ತದೆ.

ಇನ್ನು ತುಟಿ. ಕ್ಯಾಮೆರಾಗೆ ಕಾಣುವುದು ಪ, ಬ, ಭ, ಮ. ಇವುಗಳಲ್ಲಿ ತುಟಿ ಮುಚ್ಚಲೇಬೇಕು. ಉಳಿದ ಅಕ್ಷರ ನುಂಗಿದರೂ ನೋಡುವವರು ಹಿಡಿಯುವುದಿಲ್ಲ. ಸಾಹಿತ್ಯದ ಹಾಳೆಯಲ್ಲಿ ಈ ಅಕ್ಷರಗಳಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಅಷ್ಟನ್ನೇ ಅಭ್ಯಾಸ ಮಾಡಿಸಿ. ಒತ್ತಕ್ಷರ ಬಂದರೆ ಇನ್ನೂ ಕಷ್ಟ. ‘ಹಬ್ಬಿದ ಮಬ್ಬು ಮುಂಜಾವು’ ಅಂತ ನಮ್ಮ ಚರಣದಲ್ಲಿ ಒಂದು ಸಾಲು. ಬ್ಬಿ, ಮ, ಬ್ಬು, ಮುಂ, ನಾಲ್ಕು ಸಲ ತುಟಿ ಮುಚ್ಚಬೇಕು. ಹಾಡು 84 ಬಿಪಿಎಂ (ನಿಮಿಷಕ್ಕೆ 84 ಬೀಟ್), ಡಬಲ್ ಅಂದರೆ 168, ಯಾರ ಬಾಯಿಗೂ ಬರುವ ಮಾತಲ್ಲ. ಹಾಗಾಗಿ ಪಲ್ಲವಿ ಮಾತ್ರ ಡಬಲ್, ಅದರಲ್ಲಿ ದೀರ್ಘ ಸ್ವರಗಳೇ ಜಾಸ್ತಿ. ಚರಣವನ್ನು 30 ಫ್ರೇಮ್‌ನಲ್ಲಿ 1.2 ವೇಗಕ್ಕೆ ತೆಗೆದು 25ಕ್ಕೆ ಇಳಿಸಿದ್ದು. ಅಷ್ಟಾದರೂ ತೇಲುವ ಗುಣ ಉಳಿಯುತ್ತದೆ. ಆ ಮಬ್ಬಿನ ಸಾಲಿಗೆ ಮಾತ್ರ ಗಿಟಾರಿನ ಕೈ ತೋರಿಸಿ ಬಿಟ್ಟೆವು.

ಇನ್ನೊಂದು ಅನುಕೂಲ ಯಾರೂ ಹೇಳುವುದಿಲ್ಲ. ಪೂರ್ತಿ ಡಬಲ್‌ನಲ್ಲಿ ತೆಗೆದರೆ 3 ನಿಮಿಷ 20 ಸೆಕೆಂಡಿನ ಹಾಡು ಶೂಟಿಂಗ್‌ನಲ್ಲಿ 1:40ಕ್ಕೆ ಮುಗಿಯುತ್ತದೆ. ಮುಸ್ಸಂಜೆಯ ಒಳ್ಳೆ ಬೆಳಕು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಅಡಿಕೆ ತೋಟದ ನಡುವೆ ಇಪ್ಪತ್ತು ನಿಮಿಷ ಸಿಕ್ಕರೆ ಹೆಚ್ಚು. ಅಷ್ಟರಲ್ಲಿ ಐದಾರು ಟೇಕ್ ಆರಾಮಾಗಿ ಆಗುತ್ತದೆ.

ವಿಡಿಯೊದಲ್ಲಿನ ಮಳೆ ತೋಟದ ಸ್ಪ್ರಿಂಕ್ಲರಿನದು. ಎರಡು ಸಾಕು, ಒಂದು ಹಾಡುವವರ ಮುಂದೆ, ಒಂದು ಹಿಂದೆ. ಬೆಳಕು ಹಿಂದಿನಿಂದ ಬಾರದಿದ್ದರೆ ಎಷ್ಟು ನೀರು ಸುರಿದರೂ ಕ್ಯಾಮೆರಾದಲ್ಲಿ ಮಳೆ ಕಾಣುವುದಿಲ್ಲ. ಶಾಮಿಯಾನದವರ ಹ್ಯಾಲೊಜನ್ ದಿನಕ್ಕೆ ಇನ್ನೂರು-ಮುನ್ನೂರು ರೂಪಾಯಿಗೆ ಸಿಗುತ್ತದೆ. ಕಾದ ಗಾಜಿಗೆ ಹನಿ ಬಿದ್ದರೆ ಢಬ್ ಎಂದು ಒಡೆಯುತ್ತದೆ, ನಮ್ಮದು ಒಂದು ಹೋಯಿತು, ಅದರ ದುಡ್ಡೂ ಕಟ್ಟಬೇಕಾಯಿತು. ಗಾಳಿ ಬೀಸಿ ಬರುವ ಕಡೆಗೆ, ನೀರು ಬೀಳುವ ಜಾಗದಿಂದ ನಾಲ್ಕೈದು ಮಾರು ಆಚೆ ಇಡಿ. ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್) ಇಲ್ಲದ ಲೈನಿನಿಂದ ವಯರ್ ಎಳೆಯಲೇಬೇಡಿ. ಹಗಲಲ್ಲಾದರೆ ಫೋನಿಗೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕು, ಇಲ್ಲವಾದರೆ ಶಟರ್ ತಾನೇ 1/1000 ದಾಟಿ ಹನಿಗಳು ಚುಕ್ಕಿ ಚುಕ್ಕಿಯಾಗಿ ಕುಣಿಯುತ್ತವೆ.

ಫೋನಿನ ದೊಡ್ಡ ಕಾಟ ಅಂದರೆ ಫ್ರೇಮ್ ರೇಟ್ ಸ್ಥಿರ ಇರುವುದಿಲ್ಲ. ಹಾಡಿನ ಆರಂಭದಲ್ಲಿ ಸಿಂಕ್ ಸರಿ, ಕೊನೆಗೆ ಹೋಗುವಷ್ಟರಲ್ಲಿ ತುಟಿ ಮುಂದೆ ಓಡಿರುತ್ತದೆ. ಎಡಿಟಿಂಗ್‌ಗೆ ಮೊದಲೇ ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರ್‌ನಲ್ಲಿ ಕಾನ್‌ಸ್ಟೆಂಟ್ (ಸ್ಥಿರ) ಫ್ರೇಮ್ ರೇಟ್‌ಗೆ ಹಾಕಿಕೊಳ್ಳಿ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತ, ಶಟರ್, ವೈಟ್ ಬ್ಯಾಲೆನ್ಸ್ ಎಲ್ಲ ಬದಲಾಗದಂತೆ ಕಟ್ಟಿಹಾಕುತ್ತದೆ. 4ಕೆ ಹಟ ಬೇಡ, ಫೋನ್ ಕಾದು ಟೇಕ್ ನಡುವೆಯೇ ಕೈಕೊಡುತ್ತದೆ.

ದನಿ ಮುದ್ರಿಸಿದ್ದು ಅಟ್ಟದ ಮೇಲೆ, ಎಸ್‌ಎಂ58 ಮೈಕಿನಲ್ಲಿ. ಕಂಡೆನ್ಸರ್ ಮೈಕು ಇದ್ದರೂ ಬಳಸಲಿಲ್ಲ, ಅದು ಹೆಂಚಿನ ಮೇಲೆ ಓಡುವ ಇಲಿಯನ್ನೂ ಹಿಡಿಯುತ್ತದೆ. ಫೋಮ್ ಬದಲು ಕುರಿ ಉಣ್ಣೆಯ ಕಂಬಳಿ, ಗೋಡೆಯಿಂದ ಒಂದು ಗೇಣು ಬಿಟ್ಟು. ಆ ಗೇಣು ಜಾಗವೇ ಕೆಳಸ್ವರದ ಗುಂಯ್‌ಗುಡುವಿಕೆಯನ್ನು ತಗ್ಗಿಸುವುದು. ಎಲ್ಲರೂ ಮೈಕಿನ ಹಿಂದೆ ಕಟ್ಟುತ್ತಾರೆ. ಇಂಥ ಕಾರ್ಡಿಯಾಯ್ಡ್ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ) ಮೈಕು ನೋಡುವುದು ಹಾಡುವವರ ಕಡೆಗೆ, ಆದ್ದರಿಂದ ದಪ್ಪ ಕಂಬಳಿ ಅವರ ಬೆನ್ನ ಹಿಂದೆ ಬೇಕು. ಮಳೆಗಾಲದಲ್ಲಿ ಹೆಂಚಿನ ಸದ್ದು, ಬೇಸಿಗೆಯಲ್ಲಿ ಜೀರುಂಡೆ. ಜೀರುಂಡೆಯ ದನಿ ಸ, ಶ ಇರುವ ಜಾಗದಲ್ಲೇ ಕೂರುವುದರಿಂದ ಈಕ್ಯೂನಲ್ಲಿ (ಸದ್ದಿನ ಏರು-ತಗ್ಗು ಸ್ವರಗಳನ್ನು ಬೇರೆ ಬೇರೆಯಾಗಿ ಹೆಚ್ಚು ಕಡಿಮೆ ಮಾಡುವ ಉಪಕರಣ) ಕಡಿದರೆ ಹಾಡೇ ಮಂಕಾಗುತ್ತದೆ. ಡಿಸೆಂಬರ್-ಜನವರಿ ಬಿಟ್ಟರೆ ಮಲೆನಾಡಿನ ಮನೆಯಲ್ಲಿ ದನಿ ಮುದ್ರಿಸುವ ಕಾಲ ಇಲ್ಲ.

ನಡುವೆ ಒಂದು ಆಟ ಆಡಿದೆವು. ಒಣ ಅಡಿಕೆಯನ್ನು ಹಾರ್ಲಿಕ್ಸ್ ಡಬ್ಬಿಗೆ ಹಾಕಿ ಶೇಕರ್ ಮಾಡಿದ್ದು. ಸಿಪ್ಪೆಗೋಟು (ಸಿಪ್ಪೆ ಸಮೇತ ಒಣಗಿದ್ದು) ಮಂದ, ಸುಲಿದ ಚಾಲಿ ಚುರುಕು. ಅರ್ಧ ಡಬ್ಬಿ ತುಂಬಿದರೆ ಬರೀ ಗದ್ದಲ, ಹತ್ತು-ಹನ್ನೆರಡು ಅಡಿಕೆ ಸಾಕು. 300 ಹರ್ಟ್ಸ್‌ಗಿಂತ ಕೆಳಗಿನದು ಕಡಿದು ಮಿಕ್ಸ್‌ನಲ್ಲಿ ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳ) ಸದ್ದಿನ ಕೆಳಗೆ ಇಟ್ಟಿದ್ದೇವೆ. 

ಮಾಸ್ಟರ್ (ಹಾಡಿನ ಕೊನೆಯ ಫೈಲ್) ಮೊದಲು -7 ಎಲ್‌ಯುಎಫ್‌ಎಸ್ (ಸದ್ದಿನ ಜೋರು ಅಳೆಯುವ ಮಾನ) ಹತ್ತಿರ ಬಂದಿತ್ತು. ಸ್ಪಾಟಿಫೈ ಹೇಗೂ -14ಕ್ಕೆ ಇಳಿಸುತ್ತದೆ. ಇಳಿದ ಮೇಲೆ ಸ್ನೇರ್ ಡ್ರಮ್ಮಿನ ಪೆಟ್ಟು ಸತ್ತುಹೋಗಿತ್ತು. -10, ಪೀಕ್ (ಅತಿ ಜೋರಿನ ಮಟ್ಟ) -1 ಇಟ್ಟು ಮತ್ತೆ ಮಾಡಿಸಿದ್ದಕ್ಕೆ ಇನ್ನೆರಡು ಸಾವಿರ.

ಬಿಡುಗಡೆ ವಿಷಯ ಹೆಚ್ಚಿಲ್ಲ. ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್‌ಗೆ ನಾಲ್ಕು ವಾರ ಮೊದಲೇ ಹಾಕಿ, ಸ್ಪಾಟಿಫೈ ಪಿಚ್‌ಗೆ (ಪ್ಲೇಲಿಸ್ಟಿಗೆ ಸೇರಿಸಿ ಅಂತ ಕೇಳುವುದಕ್ಕೆ) ಕನಿಷ್ಠ ಏಳು ದಿನ ಬೇಕು. ಕವರ್ 3000×3000, ಭಾಷೆಯ ಜಾಗದಲ್ಲಿ ಕನ್ನಡ ಆರಿಸಿ. ವರ್ಷದ ಚಂದಾ ನಿಲ್ಲಿಸಿದರೆ ಹಾಡು ತೆಗೆದುಹಾಕುವ ಡಿಸ್ಟ್ರಿಬ್ಯೂಟರ್‌ಗಳಿದ್ದಾರೆ, ಷರತ್ತು ಓದಿ. ರಾಯಲ್ಟಿ ಸಂಗ್ರಹಿಸಿ ಕೊಡುವ ಐಪಿಆರ್‌ಎಸ್‌ಗೆ ಸಾಹಿತ್ಯ, ಸಂಗೀತದವರು ಬೇರೆ ಬೇರೆ ಅರ್ಜಿ ಹಾಕಬೇಕು, ಯಾರಿಗೆ ಎಷ್ಟು ಪಾಲು ಎಂಬ ಹಾಳೆಗೆ ಬಿಡುಗಡೆಗೆ ಮೊದಲೇ ಎಲ್ಲರ ಸಹಿ ಹಾಕಿಸಿಕೊಳ್ಳಿ.