ಒಂದೇ ಕಾಲು ಮೂರು ಸಲ ಉಳುಕಿದ ಮೇಲೆ ಕಲಿತಿದ್ದು

ನಮ್ಮದು ತೀರ್ಥಹಳ್ಳಿ ಕಡೆ. ಹೈಸ್ಕೂಲಿಂದ ಕಬಡ್ಡಿ ಆಡ್ಕೊಂಡು ಬಂದವ್ನು, ಈಗ ಸಂಜೆ ಊರಿನ ಹುಡುಗ್ರಿಗೆ ಹೇಳ್ಕೊಡ್ತೀನಿ. ನನ್ನ ಬಲಗಾಲು ಮೂರು ಸಲ ಉಳುಕಿದೆ, ಮೂರೂ ಸಲ ಒಂದೇ ಜಾಗ, ಪಾದದ ಹೊರಗಡೆ ಗಂಟಿನ ಸ್ವಲ್ಪ ಮುಂದೆ ಕೆಳಗೆ.

ಮೊದಲ್ನೇದು ಮಳೆಗಾಲದಲ್ಲಿ. ಬೋನಸ್ ಲೈನ್ ಮುಟ್ಟಿ ವಾಪಸ್ ತಿರುಗ್ತಿದ್ದೆ, ಕಾರ್ನರ್‌ನವ್ನು ಎಳೆದ, ಪಾದ ಒಳಕ್ಕೆ ಮಡಚ್ತು, ಟಕ್ ಅಂತು. ಅವತ್ತೇ ರಾತ್ರಿ ಉಳುಕು ತೆಗೆಯೋರ ಹತ್ರ ಹೋಗಿ ಎಣ್ಣೆ ಹಾಕಿ ತಿಕ್ಕಿಸ್ಕೊಂಡೆ, ಬೆಳಗಾಗೋದ್ರೊಳಗೆ ಪಾದ ಎಳೆ ಹಲಸಿನಕಾಯಿ ಆಗಿತ್ತು ಮಾರಾಯ್ರೆ. ಹತ್ತು ದಿನಕ್ಕೆ ನೋವು ಹೋಯ್ತು, ಅಂಕಣಕ್ಕಿಳಿದೆ. ಎರಡನೇದೂ ಆಟದಲ್ಲೇ. ಮೂರನೇದಂತೂ ನಾಚಿಕೆ, ತೋಟದಲ್ಲಿ ಬಸಿಗಾಲುವೆ ದಾಟೋವಾಗ, ಯಾರೂ ಮುಟ್ಟಿದ್ದೂ ಇಲ್ಲ.

ಆಗ ಶಿವಮೊಗ್ಗಕ್ಕೆ ಫಿಸಿಯೋ ಹತ್ರ ಹೋದೆ. ನಡೆಯೋ ಹಾಗಾದ ಮೇಲೆ ಅವ್ರು ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಲ್ಲಿ ಅಂದ್ರು. ಎಡಗಾಲಲ್ಲಿ ಆರಾಮಾಗಿ ನಿಂತೆ, ಬಲಗಾಲಲ್ಲಿ ಐದು ಎಣಿಸೋದ್ರೊಳಗೆ ಗೋಡೆ ಹಿಡ್ಕೊಂಡೆ. ಉಳುಕಿದಾಗ ಪೆಟ್ಟಾಗೋದು ಲಿಗಮೆಂಟಿಗೆ, ಅಂದ್ರೆ ಮೂಳೆಗೆ ಮೂಳೆ ಕಟ್ಟಿರೋ ಪಟ್ಟಿಗೆ. ಅದು ಬರೀ ಹಗ್ಗ ಅಲ್ವಂತೆ, ಪಾದ ಎತ್ತ ವಾಲ್ತಿದೆ ಅಂತ ಮಿದುಳಿಗೆ ಸುದ್ದಿ ಕೊಡೋ ನರಗಳೂ ಅದ್ರಲ್ಲೇ ಇರ್ತವಂತೆ. ನೋವು ಹೋದ್ರೂ ಆ ಸುದ್ದಿ ವ್ಯವಸ್ಥೆ ತಾನಾಗೇ ಸರಿಯಾಗಲ್ಲ, ಅದಕ್ಕೇ ಒಂದ್ಸಲ ಉಳುಕಿದ ಕಾಲೇ ಮತ್ತೆ ಮತ್ತೆ ಉಳುಕೋದು.

ಮಾಡಿದ್ದು ಇಷ್ಟೆ. ಬೆಳಿಗ್ಗೆ ಹಲ್ಲುಜ್ಜೋವಾಗ ಒಂಟಿ ಕಾಲಲ್ಲಿ ನಿಲ್ಲೋದು, ಎರಡು ವಾರ ಆದ್ಮೇಲೆ ಮಡಚಿದ ಗೋಣಿಚೀಲದ ಮೇಲೆ, ಆಮೇಲೆ ಕಣ್ಣು ಮುಚ್ಚಿ. ಹಳೇ ಸೈಕಲ್ ಟ್ಯೂಬ್ ಮಂಚದ ಕಾಲಿಗೆ ಕಟ್ಟಿ, ಇನ್ನೊಂದು ತುದಿ ಪಾದಕ್ಕೆ ಸಿಗಿಸಿ ಹೊರಗಡೆ ತಳ್ಳೋದು, 15ರಂತೆ ಮೂರು ಸಲ. ಜಗಲಿ ಮೆಟ್ಟಿಲ ಅಂಚಲ್ಲಿ ಹಿಮ್ಮಡಿ ಎತ್ತಿ ನಿಧಾ...ನಕ್ಕೆ ಇಳಿಸೋದು, ಈ ಇಳಿಸೋದನ್ನೇ ಎಲ್ರೂ ಗಡಿಬಿಡಿ ಮಾಡೋದು. ಒಂಟಿ ಕಾಲಲ್ಲಿ ಪಕ್ಕಕ್ಕೆ ಹಾರಿ ಅಲ್ಲಾಡದೆ ನಿಲ್ಲೋಕೆ ಬಂದ್ಮೇಲೇ ಆಡಿದ್ದು, ಅದೂ ಒಂದು ವರ್ಷ ಲೇಸ್ ಇರೋ ಬ್ರೇಸ್, ಅಂದ್ರೆ ಗಂಟು ಬಿಗಿಯಾಗಿ ಹಿಡಿಯೋ ಪಟ್ಟಿ ಹಾಕ್ಕೊಂಡು.

ಈಗ ಯಾವ ಹುಡುಗ ಬಿದ್ರೂ ಮೊದಲು ನೋಡೋದು, ನಾಲ್ಕು ಹೆಜ್ಜೆ ನಡೀತಾನಾ? ಗಂಟಿನ ಎರಡೂ ಕಡೆ ಮೂಳೆಯ ಹಿಂದಿನ ಅಂಚು, ತುದಿ, ಕಿರುಬೆರಳಿನ ಸಾಲಲ್ಲಿ ಪಾದದ ನಡುವೆ ಉಬ್ಬಿರೋ ಮೂಳೆ, ಒಳಗಡೆ ಪಾದದ ಕಮಾನಿನ ಮೇಲಿನ ಮೂಳೆ ಒತ್ತಿದ್ರೆ ಕಿರುಚ್ತಾನಾ? ನಡೆಯೋಕಾಗ್ದಿದ್ರೆ, ಇಲ್ಲ ಇದ್ರಲ್ಲಿ ಒಂದು ಕಡೆ ಕಿರುಚಿದ್ರೂ ಸೀದಾ ಎಕ್ಸ್‌ರೇ. ಇಲ್ಲಾಂದ್ರೆ ಕ್ರೇಪ್ ಬ್ಯಾಂಡೇಜ್ ಸುತ್ತಿ ಕಾಲು ಎತ್ತರಕ್ಕೆ, ಮೊದಲ ಎರಡ್ಮೂರು ದಿನ ತಿಕ್ಕೋದು ಬಂದ್, ಮತ್ತೆ ನೋವು ಬಿಟ್ಟಷ್ಟು ಅಲ್ಲಾಡಿಸೋದು. ಐಸ್ ಬಗ್ಗೆ ಕೇಳ್ತಾರೆ, ನೋವು ಕಮ್ಮಿ ಅನ್ಸಿದ್ರೆ ಸ್ವಲ್ಪ ಹೊತ್ತು ಇಡಲಿ. 1978ರಲ್ಲಿ ರೆಸ್ಟು, ಐಸು ಅಂತ ಸೂತ್ರ ಕೊಟ್ಟ ಅಮೆರಿಕದ ಡಾಕ್ಟರ್ ಮಿರ್ಕಿನ್ ಅವ್ರೇ ಆಮೇಲೆ ಐಸಿಂದ ವಾಸಿಯಾಗೋದು ತಡ ಆಗ್ಬಹುದು ಅಂತ ಮಾತು ಬದಲಿಸಿದ್ರು.

ಮೊನ್ನೆ ನಮ್ಮ ರೈಡರ್ ಒಬ್ಬಂದು ಉಳುಕ್ತು. ಎಣ್ಣೆ ಬೇಡ ಅಂದಿದ್ದಕ್ಕೆ ಅವರಜ್ಜಿ ನನ್ನ ಹತ್ರ ಮಾತು ಬಿಟ್ಟಿದಾರೆ. ಹುಡುಗ ಮಾತ್ರ ದಿನಾ ಬೆಳಿಗ್ಗೆ ಬಾವಿಕಟ್ಟೆ ಹತ್ರ ಬ್ರಷ್ ಕಚ್ಕೊಂಡು ಕೊಕ್ಕರೆ ತರ ನಿಂತಿರ್ತಾನೆ.