ಕ್ಯಾನ್ಸರ್ ಚಿಕಿತ್ಸೆಯ ನಡುವೆ ಕಾಡುವ ಭಯ: ನಿಭಾಯಿಸುವುದು ಹೇಗೆ?

ಕೀಮೋಥೆರಪಿ ನಡೆಯುತ್ತಿರುವಾಗ ಜ್ವರ ಬಂದರೆ ಮನೆಯವರು ಕೂಡಲೇ ಡಾಕ್ಟರಿಗೆ ಫೋನ್ ಮಾಡುತ್ತಾರೆ. ಅದೇ ರೋಗಿ ನಾಲ್ಕು ರಾತ್ರಿ ನಿದ್ದೆಯಿಲ್ಲದೆ ಹೊರಳಾಡಿದರೆ ‘ಧೈರ್ಯ ತಂದುಕೊ’ ಎಂದು ಸುಮ್ಮನಾಗುತ್ತಾರೆ. ಮನಸ್ಸಿನ ಸಂಕಟವನ್ನೂ ಅಳೆಯಬಹುದು, ಅದಕ್ಕೂ ಚಿಕಿತ್ಸೆ ಇದೆ.

ಮೊದಲು ಅಳತೆ. ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಬಳಸುವ ‘ಡಿಸ್ಟ್ರೆಸ್ ಥರ್ಮಾಮೀಟರ್’ ಕಾಗದದ ಮೇಲಿನ ಒಂದು ಚಿತ್ರ, ಅಷ್ಟೆ. ಕಳೆದ ಒಂದು ವಾರದ ಸಂಕಟಕ್ಕೆ 0ಯಿಂದ 10ರೊಳಗೆ ಅಂಕ ಕೊಡಿ. 4 ಅಥವಾ ಹೆಚ್ಚು ಬಂದರೆ ಮುಂದಿನ ಭೇಟಿಯಲ್ಲಿ ಆ ಅಂಕಿಯನ್ನೇ ಹೇಳಿ. ‘ಯಾಕೋ ಬೇಜಾರು’ ಎಂಬ ಮಾತಿಗಿಂತ ‘ಈ ವಾರ 7’ ಎಂಬುದು ಡಾಕ್ಟರ ಕಿವಿಗೆ ಬೇಗ ಬೀಳುತ್ತದೆ.

ಆಮೇಲೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ, ಯೋಚನೆಗಳನ್ನು ಒರೆಗೆ ಹಚ್ಚುವ ಚಿಕಿತ್ಸಾಕ್ರಮದಲ್ಲಿ ಇಂಥ ಬರವಣಿಗೆ ಒಂದು ಮುಖ್ಯ ಸಾಧನ. ಪುಟಕ್ಕೆ ಎರಡು ಗೆರೆ ಎಳೆದು ಮೂರು ಕಾಲಂ ಮಾಡಿ. ಮೊದಲನೆಯದರಲ್ಲಿ ನಡೆದದ್ದು: ‘ಬೆಳಿಗ್ಗೆಯಿಂದ ಬೆನ್ನುನೋವು.’ ಎರಡನೆಯದರಲ್ಲಿ ಮನಸ್ಸು ಹೇಳಿದ್ದು: ‘ಕಾಯಿಲೆ ಮೂಳೆಗೆ ಹಬ್ಬಿದೆ.’ ಮೂರನೆಯದರಲ್ಲಿ, ಕೈಯಲ್ಲಿರುವ ಸಂಗತಿಗಳು: ‘ನಿನ್ನೆ ನೀರು ತುಂಬಿದ ಬಿಂದಿಗೆ ಎತ್ತಿದ್ದೆ. ಸ್ಕ್ಯಾನ್ ಇನ್ನೂ ಆಗಿಲ್ಲ. ಮಂಗಳವಾರ ಡಾಕ್ಟರನ್ನು ಕೇಳುತ್ತೇನೆ.’ ಭಯವನ್ನು ಸುಳ್ಳೆಂದು ಸಾಧಿಸುವುದು ಇಲ್ಲಿನ ಉದ್ದೇಶವಲ್ಲ. ಕೆಲವು ಭಯಗಳು ನಿಜವೇ ಆಗಿರುತ್ತವೆ. ಗೊತ್ತಿರುವುದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಕಾಲಂನಲ್ಲಿ ಕಂಡಾಗ ಎದೆಯ ಭಾರ ಒಂದಿಷ್ಟು ಇಳಿಯುತ್ತದೆ. ಹೊಸ ನೋವನ್ನಂತೂ ಡಾಕ್ಟರಿಗೆ ತಿಳಿಸಲೇಬೇಕು.

ರಿಪೋರ್ಟ್‌ಗಾಗಿ ಕಾಯುವ ದಿನಗಳು ಎಲ್ಲಕ್ಕಿಂತ ಕಷ್ಟ. ಆಗ ಚಿಂತೆಗೆಂದೇ ಹೊತ್ತು ಗೊತ್ತುಮಾಡಿ: ಸಂಜೆ ಐದರಿಂದ ಐದೂವರೆ. ಬೇರೆ ವೇಳೆಯಲ್ಲಿ ಚಿಂತೆ ಬಂದರೆ ಒಂದು ಸಾಲು ಬರೆದಿಟ್ಟು ‘ಸಂಜೆಗೆ’ ಎನ್ನಿ. ಮಲಗುವ ಮುನ್ನ ಮಾತ್ರ ಈ ಕೆಲಸ ಬೇಡ.

ನಿದ್ದೆಗೇಡಿಗೆ ಕೆಲವೊಮ್ಮೆ ಮಾತ್ರೆಯೂ ಕಾರಣ. ಕೀಮೋ ಜೊತೆ ಕೊಡುವ ಡೆಕ್ಸಾಮೆಥಾಸೋನ್‌ನಂಥ ಸ್ಟಿರಾಯ್ಡ್ ಎಚ್ಚರವಾಗಿಯೇ ಇರಿಸಬಲ್ಲದು. ಅದನ್ನು ಬೆಳಿಗ್ಗೆ ತೆಗೆದುಕೊಳ್ಳಬಹುದೇ ಎಂದು ಕೇಳಿ, ನೀವಾಗಿಯೇ ಬದಲಿಸಬೇಡಿ.

ಮನೆಯವರಿಗೊಂದು ಕೋರಿಕೆ. ‘ಏನೂ ಆಗುವುದಿಲ್ಲ’ ಎನ್ನಬೇಡಿ. ಆ ಮಾತಿನೊಂದಿಗೆ ರೋಗಿಯ ಬಾಯಿ ಮುಚ್ಚಿಹೋಗುತ್ತದೆ. ‘ಯಾವುದರ ಭಯ ಹೆಚ್ಚು?’ ಎಂದು ಕೇಳಿ, ಉತ್ತರ ಬರುವವರೆಗೂ ಪಕ್ಕದಲ್ಲೇ ಕುಳಿತಿರಿ.

ಎರಡು ವಾರ ಕಳೆದರೂ ಊಟ ಬೇಡ, ಯಾರೂ ಬೇಡ ಎನಿಸಿದರೆ ಆಪ್ತಸಮಾಲೋಚಕರನ್ನೋ ಮನೋವೈದ್ಯರನ್ನೋ ಕಾಣಿ. ಸಾಯುವ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೋವೈದ್ಯರ ಬಳಿ ಹೋಗುವಾಗ ಕ್ಯಾನ್ಸರ್ ಮಾತ್ರೆಗಳ ಚೀಟಿ ಜೊತೆಗಿರಲಿ. ಸ್ತನ ಕ್ಯಾನ್ಸರಿಗೆ ಕೊಡುವ ಟ್ಯಾಮೋಕ್ಸಿಫೆನ್‌ಗೂ ಖಿನ್ನತೆಯ ಕೆಲವು ಮಾತ್ರೆಗಳಿಗೂ ಹೊಂದುವುದಿಲ್ಲ.