ಆಡಿದ ಕಥೆಗೆ ಓದುಗರನ್ನು ಹುಡುಕುವ ಬಗೆ

ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ದಾಳ ಉರುಳಿಸುತ್ತ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ತಿಂಗಳುಗಟ್ಟಲೆ ಕಟ್ಟುವ ಕಥೆಯನ್ನು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಾರರು ಕ್ಯಾಂಪೇನ್ ಎಂದು ಕರೆಯುತ್ತಾರೆ. ಹಾಗೆ ಆಡಿದ್ದನ್ನು ಶ್ರದ್ಧೆಯಿಂದ ಬರೆದಿಡುವವರು ಅನೇಕರಿದ್ದಾರೆ. ಬರೆದದ್ದನ್ನು ಓದುವವರೇ ಇಲ್ಲವೆಂಬ ಕೊರಗೂ ಅವರಲ್ಲಿ ಅನೇಕರಿಗಿದೆ. ಓದುಗರು ಇದ್ದಾರೆ ಎಂಬುದಕ್ಕೆ ಜಪಾನಿನ ಉದಾಹರಣೆಯೊಂದೇ ಸಾಕು. ಅಲ್ಲಿನ ‘ಕಾಂಪ್ಟಿಕ್’ ಪತ್ರಿಕೆ 1986ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಕ್ಯಾಂಪೇನ್ ಒಂದನ್ನು, ಆಟಗಾರರ ಮಾತುಗಳ ಸಮೇತ, ಧಾರಾವಾಹಿಯಾಗಿ ಪ್ರಕಟಿಸಿತು. ‘ರೆಕಾರ್ಡ್ ಆಫ್ ಲೋಡೋಸ್ ವಾರ್’ ಎಂಬ ಆ ಕಥೆ 1988ರಿಂದ ಕಾದಂಬರಿ ಮಾಲೆಯಾಗಿಯೂ ಬೆಳೆಯಿತು. ಇಂಥ ಬರಹಕ್ಕೆ ಅಲ್ಲಿ ‘ರೀಪ್ಲೇ’ ಎಂಬ ಹೆಸರೇ ಇದೆ.

ಮೊದಲು ನಿರ್ಧರಿಸಬೇಕಾದದ್ದು ಯಾರಿಗಾಗಿ ಬರೆಯುತ್ತಿದ್ದೇವೆ ಎಂಬುದನ್ನು. ಜೊತೆಗೆ ಆಡಿದವರಿಗೆ ನೆನಪು ಬೇಕು. ಕಥೆಗಾಗಿ ಓದುವವರಿಗೆ ಪಾತ್ರಗಳು ಬೇಕು. ಇವರಿಬ್ಬರ ನಡುವೆ ಮೂರನೆಯ ಬಗೆಯ ಓದುಗರೊಬ್ಬರಿದ್ದಾರೆ, ಅವರನ್ನು ಹೆಚ್ಚಿನ ಬರಹಗಾರರು ಮರೆತೇಬಿಡುತ್ತಾರೆ: ಅದೇ ಸಿದ್ಧ ಸಾಹಸವನ್ನು (ಆಡಿಸಲೆಂದೇ ಬರೆದು ಪ್ರಕಟಿಸಿದ ಕಥಾಚೌಕಟ್ಟನ್ನು) ಮುಂದಿನ ವಾರ ತಮ್ಮ ತಂಡಕ್ಕೆ ಆಡಿಸಲಿರುವ ಗೇಮ್ ಮಾಸ್ಟರ್, ಅಂದರೆ ಆಟ ನಡೆಸಿಕೊಡುವವರು. ಬೇರೆಯವರ ಆಟಗಾರರು ಎಲ್ಲಿ ತಡವರಿಸಿದರು, ಯಾವ ಸುಳಿವು ಯಾರ ಕಣ್ಣಿಗೂ ಬೀಳಲಿಲ್ಲ, ಒಂದು ಕೋಟೆಯನ್ನು ದಾಟಲು ಎಷ್ಟು ಸೆಷನ್ (ಒಂದು ಸಲ ಕುಳಿತು ಆಡುವ ಅವಧಿ) ಹಿಡಿಯಿತು ಎಂಬ ವಿವರಗಳನ್ನು ಅವರು ತಾವಾಗಿಯೇ ಹುಡುಕುತ್ತಿರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅಪರಿಚಿತರ ಪೈಕಿ ಸುಲಭವಾಗಿ ಸಿಗುವ ಓದುಗರು ಇವರೇ. ಆದ್ದರಿಂದ ‘ಅಧ್ಯಾಯ 14’ ಎಂಬ ಶೀರ್ಷಿಕೆಯಿಂದ ಪ್ರಯೋಜನವಿಲ್ಲ. ಆಟದ ಹೆಸರು, ಅದರ ಆವೃತ್ತಿ, ಸಾಹಸದ ಹೆಸರು ಮೂರೂ ಆರಂಭದಲ್ಲೇ ಕಾಣಬೇಕು; ಆ ಸಾಹಸವನ್ನು ಇನ್ನೂ ಆಡದವರಿಗಾಗಿ, ಗುಟ್ಟುಗಳು ಬಯಲಾಗುತ್ತವೆ ಎಂಬ ಎಚ್ಚರಿಕೆಯೂ ಅದರ ಜೊತೆಗಿರಬೇಕು.

ಎರಡನೆಯದಾಗಿ, ಪ್ರಕಟಿಸುವ ಮುನ್ನ ಆಟಗಾರರೆಲ್ಲರ ಒಪ್ಪಿಗೆ ಪಡೆಯಬೇಕು. ಪಾತ್ರಗಳನ್ನು ಅವರು ಸೃಷ್ಟಿಸಿದ್ದಾರೆ, ಮಾತುಗಳನ್ನು ಅವರು ಆಡಿದ್ದಾರೆ. ನಿಜವಾದ ಹೆಸರುಗಳ ಬದಲು ಪಾತ್ರಗಳ ಹೆಸರು ಬಳಸುವುದು ಒಳ್ಳೆಯದು.

ಇನ್ನು ಬರವಣಿಗೆ. ಎಲ್ಲಕ್ಕಿಂತ ಹೆಚ್ಚು ಓದುಗರು ಕೈತಪ್ಪುವುದು ಇಲ್ಲಿಯೇ. ಬರೆಯುವವರು ಟಿಪ್ಪಣಿ ಪುಸ್ತಕವನ್ನು ಮುಂದಿಟ್ಟುಕೊಂಡು, ನಡೆದದ್ದನ್ನೆಲ್ಲ ನಡೆದ ಕ್ರಮದಲ್ಲೇ ಒಪ್ಪಿಸುತ್ತಾರೆ. ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. ‘ಕಳ್ಳಿಯ ಪಾತ್ರದವರು ಬೀಗ ತೆರೆಯಲು 20 ಮುಖದ ದಾಳ ಉರುಳಿಸಿದರು, 4 ಬಿತ್ತು; ಮುಂದಿನ ಸರದಿಯಲ್ಲಿ 17 ಬಿತ್ತು, ಬೀಗ ತೆರೆಯಿತು’ ಎಂಬುದು ದಾಖಲೆ. ಅದನ್ನೇ ಹೀಗೆ ಬರೆಯಬಹುದು: ‘ಕಂಬಿಯ ತುದಿ ಬೀಗದೊಳಗೇ ಮುರಿಯಿತು. ಕಾವಲುಗಾರನ ಲಾಟೀನಿನ ಬೆಳಕು ಓಣಿಯ ಮೂಲೆಯ ಗೋಡೆಯ ಮೇಲೆ ಆಗಲೇ ಅಲುಗುತ್ತಿತ್ತು. ಓಡಿದರೆ ಅವಳು ಉಳಿಯುತ್ತಾಳೆ, ಒಳಗಿರುವ ಅಣ್ಣ ಉಳಿಯುವುದಿಲ್ಲ. ಮೇಜಿನ ಸುತ್ತ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಆ ಆಟಗಾರ್ತಿ, ಇನ್ನೊಂದು ಕಂಬಿ ತೆಗೆಯುತ್ತೇನೆ ಎಂದರು.’ ಇಲ್ಲಿ ಓದುಗರನ್ನು ಹಿಡಿದು ನಿಲ್ಲಿಸುವುದು ದಾಳದ ಅಂಕಿಯಲ್ಲ, ಅದು ಬೀಳುವ ಮುಂಚೆ ಒಬ್ಬರು ತೆಗೆದುಕೊಂಡ ತೀರ್ಮಾನ. ಅಂಕಿಯನ್ನು ಪೂರ್ತಿ ಬಿಟ್ಟುಬಿಡಬೇಕೆಂದು ಇದರ ಅರ್ಥವಲ್ಲ. ಕಥೆಯ ದಿಕ್ಕನ್ನೇ ತಿರುಗಿಸಿದ ಒಂದೆರಡು ಎಸೆತಗಳನ್ನು ಸಂಖ್ಯೆಯ ಸಮೇತ ಉಳಿಸಿಕೊಂಡರೆ, ಇದು ಯಾರೋ ಮೊದಲೇ ಯೋಚಿಸಿಟ್ಟ ಕಥೆಯಲ್ಲ, ಆಡಿದವರಿಗೂ ಮುಂದೇನೆಂದು ತಿಳಿದಿರಲಿಲ್ಲ ಎಂಬ ರೋಮಾಂಚನ ಓದುಗರಿಗೂ ದಾಟುತ್ತದೆ. ಈ ಬಗೆಯ ಬರಹಕ್ಕೆ ಮಾತ್ರ ಸಿಗುವ ಸೊಗಸು ಅದು. ನಾಲ್ಕು ಗಂಟೆಯ ಸೆಷನ್ನಿನಿಂದ ಅಂಥ ಮೂರು ತೀರ್ಮಾನಗಳನ್ನು ಆರಿಸಿಕೊಂಡು, ಉಳಿದ ಪ್ರಯಾಣ, ಖರೀದಿ, ಸಣ್ಣಪುಟ್ಟ ಕಾಳಗಗಳನ್ನು ಒಂದೊಂದು ವಾಕ್ಯದಲ್ಲಿ ಮುಗಿಸಬಹುದು.

ಕಂತುಗಳು ಹೆಚ್ಚಿದಷ್ಟೂ ಹೊಸಬರು ಒಳಗೆ ಬರಲು ಹಿಂಜರಿಯುತ್ತಾರೆ. ಅದಕ್ಕಾಗಿ ಪ್ರತಿ ಕಂತಿನ ಮೊದಲಿಗೆ ನಾಲ್ಕೈದು ಸಾಲಿನಲ್ಲಿ ಹಿಂದಿನ ಕಥೆಯನ್ನೂ, ಪ್ರತಿ ಪಾತ್ರಕ್ಕೆ ಒಂದು ಸಾಲಿನಂತೆ ಪರಿಚಯವನ್ನೂ ಕೊಡಬೇಕು. ಇದಕ್ಕಿಂತ ಮುಖ್ಯವಾದ ಕೆಲಸವೆಂದರೆ, ಇಡೀ ಕ್ಯಾಂಪೇನಿನಲ್ಲಿ ತನ್ನಷ್ಟಕ್ಕೆ ಪೂರ್ಣವಾದ ಒಂದು ಸಾಹಸವನ್ನು ಗುರುತಿಸಿ, ಮೂರು ನಾಲ್ಕು ಕಂತುಗಳಿಗೆ ಇಳಿಸಿ, ಅಪರಿಚಿತರಿಗೆ ಅದನ್ನೇ ಮೊದಲು ಓದಲು ಕೊಡುವುದು.

ಬರಹವನ್ನು ಎಲ್ಲಿಡಬೇಕೆಂಬುದು ಓದುಗರನ್ನು ಅವಲಂಬಿಸಿದೆ. ಕಥೆಯಾಗಿ ಬರೆದಿದ್ದರೆ ಧಾರಾವಾಹಿ ಓದುಗರಿರುವ ‘ರಾಯಲ್ ರೋಡ್’ ಜಾಲತಾಣ ಸೂಕ್ತ. ನಕ್ಷೆ, ಊರುಗಳ ವಿವರ, ಪಾತ್ರಗಳ ಪಟ್ಟಿಯ ಜೊತೆಗೆ ಇಡುವುದಾದರೆ ‘ವರ್ಲ್ಡ್ ಆನ್ವಿಲ್’ ಅಥವಾ ‘ಅಬ್ಸಿಡಿಯನ್ ಪೋರ್ಟಲ್’ ಜಾಲತಾಣ ಅನುಕೂಲ. ಎಲ್ಲಿಟ್ಟರೂ ಮೊದಲು ನಾವು ಓದುಗರಾಗಬೇಕು. ಅದೇ ಆಟವನ್ನು ಆಡಿ ಬರೆಯುತ್ತಿರುವ ಮೂರು ನಾಲ್ಕು ಮಂದಿಯನ್ನು ಆರಿಸಿ, ಅವರ ಕಂತುಗಳನ್ನು ನಿಜವಾಗಿ ಓದಿ, ‘ಚೆನ್ನಾಗಿದೆ’ ಎಂದಷ್ಟೇ ಹೇಳದೆ, ಸೇತುವೆಯ ದೃಶ್ಯದಲ್ಲಿ ನಿಮ್ಮ ಮಂತ್ರವಾದಿ ಸುಳ್ಳು ಹೇಳಿದ್ದೇಕೆ ಎಂದು ಕೇಳಿ ನೋಡಿ. ಅಷ್ಟು ಗಮನ ಕೊಟ್ಟವರ ಬರಹವನ್ನು ಅವರು ಹುಡುಕಿಕೊಂಡು ಬಂದೇ ಬರುತ್ತಾರೆ ಎನ್ನಲಾಗದು, ಆದರೆ ಬಂದವರು ನಿಲ್ಲುತ್ತಾರೆ. ಪ್ರಕಟಿಸುವ ದಿನವನ್ನೂ ನಿಗದಿ ಮಾಡಿಕೊಳ್ಳಬೇಕು. ಎರಡು ಮೂರು ಕಂತು ಕೈಯಲ್ಲಿ ಸಿದ್ಧವಿದ್ದರೆ ಆಟ ತಪ್ಪಿದ ವಾರವೂ ಓದು ತಪ್ಪುವುದಿಲ್ಲ.

ಹಕ್ಕಿನ ವಿಚಾರದಲ್ಲೂ ಎಚ್ಚರ ಅಗತ್ಯ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಐದನೆಯ ಆವೃತ್ತಿಯ ಮೂಲ ನಿಯಮಗಳ ಒಂದು ಭಾಗ 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಮುಕ್ತವಾಗಿದೆ; ಪ್ರಕಟಿತ ಸಾಹಸಗಳಿಗೆ ಅದು ಅನ್ವಯಿಸುವುದಿಲ್ಲ. ಅವುಗಳಲ್ಲಿ ಆಟಗಾರರಿಗೆ ಓದಿ ಹೇಳಲೆಂದು ಕೊಟ್ಟಿರುವ ವರ್ಣನೆಗಳನ್ನು ಯಥಾವತ್ತಾಗಿ ನಕಲು ಮಾಡದೆ, ನಿಮ್ಮ ಮೇಜಿನಲ್ಲಿ ನಡೆದದ್ದನ್ನು ನಿಮ್ಮ ಮಾತಿನಲ್ಲೇ ಬರೆಯಿರಿ.

ಕೊನೆಯದಾಗಿ, ಎಷ್ಟೋ ಕ್ಯಾಂಪೇನ್‌ಗಳು ಅರ್ಧಕ್ಕೇ ನಿಲ್ಲುತ್ತವೆ. ಹಾಗಾದರೆ ಬರಹವನ್ನು ಮೌನವಾಗಿ ಕೈಬಿಡಬೇಡಿ. ಉಳಿದುಹೋದ ಗುಟ್ಟುಗಳು ಯಾವುವು, ಗೇಮ್ ಮಾಸ್ಟರ್ ಮುಂದೆ ಏನು ಯೋಚಿಸಿದ್ದರು, ಪ್ರತಿ ಆಟಗಾರರೂ ತಮ್ಮ ಪಾತ್ರಕ್ಕೆ ಯಾವ ಅಂತ್ಯವನ್ನು ಬಯಸಿದ್ದರು ಎಂದು ಅವರನ್ನೇ ಕೇಳಿ, ಒಂದು ಪುಟ ಬರೆದು ಮುಗಿಸಿ. ಅಲ್ಲಿಯವರೆಗೆ ಜೊತೆಗಿದ್ದ ಹತ್ತು ಮಂದಿಗೆ ಆ ಒಂದು ಪುಟ ಸಲ್ಲಬೇಕು.